ಕಸದ ಬುಟ್ಟಿಗೆ ಹೋಗಬೇಕಿದ್ದ ಮೂರು ಪ್ರಶ್ನೆಗಳು

8, 15 ಮತ್ತು 21ನೆಯ ಪ್ರಶ್ನೆಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಾಗಿತ್ತು. ಉಳಿದ ಇಪ್ಪತ್ತೆರಡು ಪ್ರಶ್ನೆಗಳನ್ನು ಮರುದಿನ ಮುದ್ರಣಕ್ಕೆ ಕಳುಹಿಸುವವಳಿದ್ದೆ. ಕಳುಹಿಸಿಬಿಟ್ಟಿದ್ದರೆ, ಮಕ್ಕಳ ತಪ್ಪು ತಿಳಿವಳಿಕೆಗೆ ಅಂಕ ಕೊಡುವ ಪ್ರಶ್ನೆಪತ್ರಿಕೆಯೊಂದನ್ನು ನನ್ನ ಹೆಸರಿನಲ್ಲೇ ಶಾಲೆಗಳಿಗೆ ಹಂಚಿದಂತಾಗುತ್ತಿತ್ತು.

ಶಿಕ್ಷಣ ಕಾಲೇಜಿನಲ್ಲಿ ಮಾಪನ ಮತ್ತು ಮೌಲ್ಯಮಾಪನ ನನ್ನ ವಿಷಯ. ಹತ್ತೊಂಬತ್ತು ವರ್ಷಗಳಿಂದ ಬಿ.ಎಡ್. ಮತ್ತು ಎಂ.ಎಡ್. ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ. ಉದ್ದೇಶಗಳನ್ನು ಬರೆಯುವುದು, ಯಾವ ಉದ್ದೇಶಕ್ಕೆ ಎಷ್ಟು ಪ್ರಶ್ನೆ, ಎಷ್ಟು ಅಂಕ ಎಂದು ಚೌಕಗಳಲ್ಲಿ ತುಂಬುವ ನೀಲನಕ್ಷೆ ಹಾಕುವುದು, ಪ್ರಶ್ನೆ ರಚಿಸುವುದು, ಅಂಕಗಳ ಹಂಚಿಕೆ, ಪ್ರಶ್ನಾಂಶ ವಿಶ್ಲೇಷಣೆ ಎಲ್ಲವನ್ನೂ ಕ್ರಮವಾಗಿ ಮಾಡಿಸುತ್ತೇನೆ. ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕೊಟ್ಟ ಜ್ಞಾನ, ತಿಳಿವಳಿಕೆ, ಅನ್ವಯ ಎಂಬ ಕಲಿಕೆಯ ಮೆಟ್ಟಿಲುಗಳನ್ನು ನಮ್ಮ ವಿದ್ಯಾರ್ಥಿಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ನೀಲನಕ್ಷೆಯ ಚೌಕಗಳು ತುಂಬಿದ ಮಾತ್ರಕ್ಕೆ ಪ್ರಶ್ನೆಪತ್ರಿಕೆ ಸರಿಯಾಯಿತು ಎಂದುಕೊಳ್ಳುವುದು ಎಷ್ಟು ಅಪಾಯ ಎಂಬುದು ನನಗೆ ಮನದಟ್ಟಾದದ್ದು ಒಂದು ಸಣ್ಣ ನೈದಾನಿಕ ಪರೀಕ್ಷೆಯನ್ನು, ಅಂದರೆ ಮಕ್ಕಳು ಎಲ್ಲಿ ಎಡವುತ್ತಾರೆಂದು ಪತ್ತೆಹಚ್ಚುವ ಪರೀಕ್ಷೆಯನ್ನು, ನಾನೇ ತಯಾರಿಸಲು ಕುಳಿತಾಗ.

ದಶಮಾಂಶ ಸಂಖ್ಯೆಗಳ ಪರೀಕ್ಷೆ ಅದು. ಏಳನೇ ತರಗತಿಯ ಮಕ್ಕಳು ದಶಮಾಂಶಗಳ ಗುಣಾಕಾರ, ಭಾಗಾಕಾರಕ್ಕೆ ಹೋಗುವ ಮೊದಲು ಅವರಿಗೆ ಆ ಸಂಖ್ಯೆಗಳ ಗಾತ್ರ ತಿಳಿದಿದೆಯೇ ಎಂದು ಅರ್ಧ ಗಂಟೆಯಲ್ಲಿ ಪತ್ತೆಹಚ್ಚುವ ಸಾಧನವೊಂದನ್ನು ಶಿಕ್ಷಕರ ಕೈಗೆ ಕೊಡಬೇಕೆಂಬುದು ನನ್ನ ಆಸೆ. ಇಪ್ಪತ್ತೈದು ಪ್ರಶ್ನೆಗಳು, ಪ್ರತಿ ಪ್ರಶ್ನೆಯಲ್ಲೂ ಎರಡು ಸಂಖ್ಯೆಗಳು, ದೊಡ್ಡದಕ್ಕೆ ಸುತ್ತು ಹಾಕಬೇಕು. ಓದಲು ಹೆಚ್ಚಿನ ವಾಕ್ಯಗಳಿಲ್ಲ. ಓದು ತಡವರಿಸುವ ಮಗುವೂ ಗಣಿತದಲ್ಲಿ ಸೋಲಬಾರದು ಎಂದು ಹಾಗೆ ಮಾಡಿದ್ದೆ. ಆ ಭಾಗ ಈಗಲೂ ಸರಿ ಎಂದೇ ನಂಬಿದ್ದೇನೆ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು ತುಮಕೂರು ಜಿಲ್ಲೆಯ ನಾಲ್ಕು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಪರೀಕ್ಷೆ ನಡೆಸಿದೆ. 148 ಮಕ್ಕಳು ಬರೆದರು. ಮನೆಗೆ ತಂದು, ಒಂದೊಂದು ಉತ್ತರವನ್ನೂ ಎಕ್ಸೆಲ್ ಹಾಳೆಯಲ್ಲಿ ಸರಿಗೆ ಒಂದು, ತಪ್ಪಿಗೆ ಸೊನ್ನೆ ಎಂದು ತುಂಬಿಸಿದೆ. ಮೂರು ರಾತ್ರಿಯ ಕೆಲಸ.

ಮುಂದಿನದು ಪುಸ್ತಕದಲ್ಲಿ ಇರುವ ದಾರಿ. ಒಟ್ಟು ಅಂಕಗಳ ಮೇಲೆ ಉತ್ತರಪತ್ರಿಕೆಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಶೇಕಡ 27 ಮತ್ತು ಕೆಳಗಿನ ಶೇಕಡ 27 ಮಕ್ಕಳನ್ನು ಬೇರೆ ಮಾಡಬೇಕು. ಈ 27ರ ಲೆಕ್ಕ ಕೆಲ್ಲಿ ಎಂಬ ವಿದ್ವಾಂಸರು 1939ರಲ್ಲಿ ಕೊಟ್ಟದ್ದು. ನನಗೆ ಎರಡೂ ಕಡೆ ನಲವತ್ತು ನಲವತ್ತು ಮಕ್ಕಳು ಸಿಕ್ಕರು. ಒಂದು ಪ್ರಶ್ನೆಗೆ ಮೇಲಿನ ಗುಂಪಿನಲ್ಲಿ ಎಷ್ಟು ಜನ ಸರಿಯುತ್ತರ ಕೊಟ್ಟರು, ಕೆಳಗಿನ ಗುಂಪಿನಲ್ಲಿ ಎಷ್ಟು ಜನ ಎಂದು ಎಣಿಸಿ, ವ್ಯತ್ಯಾಸವನ್ನು ನಲವತ್ತರಿಂದ ಭಾಗಿಸಿದರೆ ಆ ಪ್ರಶ್ನೆಯ ತಾರತಮ್ಯ ಶಕ್ತಿ ಸಿಗುತ್ತದೆ. ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುವ ಶಕ್ತಿ ಅದು. 0.40 ದಾಟಿದರೆ ಪ್ರಶ್ನೆ ಬಹಳ ಚೆನ್ನಾಗಿದೆ, 0.20ಕ್ಕಿಂತ ಕಡಿಮೆಯಿದ್ದರೆ ತಿದ್ದಬೇಕು ಇಲ್ಲವೇ ತೆಗೆಯಬೇಕು ಎಂಬ, ಮಾಪನ ತಜ್ಞ ಎಬೆಲ್ ಅವರ ಮಾನದಂಡವನ್ನು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.

ನಾಲ್ಕನೆಯ ಪ್ರಶ್ನೆ 0.37 ಮತ್ತು 0.5. ಮೇಲಿನವರಲ್ಲಿ 38 ಜನ ಸರಿ, ಕೆಳಗಿನವರಲ್ಲಿ 6. ತಾರತಮ್ಯ ಶಕ್ತಿ 0.80. ಇಂಥ ಅಂಕಿ ಸುಲಭಕ್ಕೆ ಸಿಗುವುದಿಲ್ಲ. ನೋಡಿ ಮನಸ್ಸು ತುಂಬಿ ಬಂತು. ಎಂಟನೆಯದು 5.62 ಮತ್ತು 5.4. ಮೇಲಿನವರಲ್ಲಿ 23 ಜನ ಸರಿ, ಕೆಳಗಿನವರಲ್ಲಿ 36. ಎಣಿಕೆ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಅಷ್ಟೇ. ಋಣ 0.33. ಹದಿನೈದನೆಯದೂ ಇಪ್ಪತ್ತೊಂದನೆಯದೂ ಅದೇ ದಾರಿ ಹಿಡಿದಿದ್ದವು. ಜಾಣ ಮಕ್ಕಳು ಎಡವಿ, ಹಿಂದುಳಿದ ಮಕ್ಕಳು ಗೆಲ್ಲುವ ಪ್ರಶ್ನೆ ಎಂದರೆ ಅದರಲ್ಲಿ ದೋಷವಿದೆ ಎಂದೇ ಪುಸ್ತಕ ಹೇಳುತ್ತದೆ, ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ವಿಶ್ವಾಸಾರ್ಹತೆಯನ್ನು, ಅಂದರೆ ಅಂಕಗಳು ಎಷ್ಟು ಸ್ಥಿರ ಎಂಬುದನ್ನು, ಕ್ಯೂಡರ್ ಮತ್ತು ರಿಚರ್ಡ್‌ಸನ್ ಅವರ 1937ರ ಸೂತ್ರದಿಂದ ತೆಗೆದರೆ 0.91 ಬಂತು. ಈ ಮೂರನ್ನು ಕೈಬಿಟ್ಟರೆ ಅದು ಇನ್ನೂ ಏರುತ್ತಿತ್ತು. ಇನ್ನೇನು ಅನುಮಾನ? ಕೆಂಪು ಗೆರೆ ಎಳೆದೆ.

ಆದರೂ ಆ ರಾತ್ರಿ ಒಂದು ಸಂಗತಿ ಮನಸ್ಸನ್ನು ಬಿಡಲಿಲ್ಲ. 5.62 ಮತ್ತು 5.4ರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಯಲ್ಲಿ ದೋಷ ಇರಲು ಜಾಗವೆಲ್ಲಿದೆ? ಗೊಂದಲದ ಪದವಿಲ್ಲ, ಎರಡರ್ಥವಿಲ್ಲ, ಮುದ್ರಣದೋಷವಿಲ್ಲ. ಉತ್ತರದ ಕೀಲಿಯೂ ಸರಿಯಾಗಿತ್ತು. ಎಕ್ಸೆಲ್ ಹಾಳೆಯಲ್ಲಿ ಅಡ್ಡಸಾಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಇಪ್ಪತ್ತೆರಡು ಅಂಕ ಪಡೆದ ಮಕ್ಕಳು ಬಹಳ ಜನ ಇದ್ದರು. ಅವರಲ್ಲಿ ಹೆಚ್ಚಿನವರು ಕಳೆದುಕೊಂಡ ಮೂರು ಅಂಕ ಯಾವುದೆಂದರೆ 8, 15, 21. ಕೆಳಗಿನ ಗುಂಪಿನಲ್ಲಿ ಏಳು ಅಂಕ ಪಡೆದವರ ದೊಡ್ಡ ದಂಡೇ ಇತ್ತು. ಅವರಿಗೆ ಸಿಕ್ಕ ಏಳರಲ್ಲಿ ಅದೇ ಮೂರು ಸೇರಿದ್ದವು. ಊಹೆಯಿಂದ ಸುತ್ತು ಹಾಕಿದ ಮಕ್ಕಳ ಸಾಲುಗಳು ಹೀಗೆ ಅಚ್ಚೊತ್ತಿದಂತೆ ಒಂದೇ ತೆರನಾಗಿ ಇರುವುದಿಲ್ಲ. ಈ ಮಕ್ಕಳು ಯಾವುದೋ ನಿಯಮವನ್ನು ಅನುಸರಿಸಿದ್ದರು.

ಮರುದಿನ ಮುದ್ರಣಾಲಯಕ್ಕೆ ಹೋಗುವ ಬದಲು ಶಾಲೆಗೆ ಹೋದೆ.

ಬೆಳಗಿನ ಕ್ಷೀರಭಾಗ್ಯದ ಹಾಲು ಕುಡಿದು ಮಕ್ಕಳು ಲೋಟ ತೊಳೆಯುತ್ತಿದ್ದರು. ಮುಖ್ಯ ಶಿಕ್ಷಕರು ನಲಿಕಲಿ ಕೊಠಡಿಯನ್ನು ಬಿಡಿಸಿಕೊಟ್ಟರು. ತಲೆಯ ಮೇಲೆ ಚಪ್ಪರದ ದಾರಗಳಲ್ಲಿ ಪುಟ್ಟ ಮಕ್ಕಳ ಚಿತ್ರಗಳು ಗಾಳಿಗೆ ತಿರುಗುತ್ತಿದ್ದವು. ಮೊದಲು ಇಪ್ಪತ್ತೆರಡು ಅಂಕದ ಹುಡುಗಿಯೊಬ್ಬಳನ್ನು ಕರೆದೆ. ತರಗತಿಗೆ ಮೊದಲಿಗಳು, ಕೈಬರಹ ಮುತ್ತಿನಂಥದ್ದು. ಇದು ಪರೀಕ್ಷೆಯಲ್ಲ, ನಿನ್ನ ತಲೆಯಲ್ಲಿ ಏನು ಓಡುತ್ತದೋ ಅದನ್ನು ನನಗೆ ಕೇಳುವಂತೆ ಹೇಳು ಪುಟ್ಟ, ಎಂದೆ. 0.37 ಮತ್ತು 0.5 ತೋರಿಸಿದೆ.

"0.5 ದೊಡ್ಡದು ಮಿಸ್."

"ಹೇಗೆ ಗೊತ್ತಾಯಿತು?"

"ಇದು ಹತ್ತು ಪಾಲಿನದು, ಅದು ನೂರು ಪಾಲಿನದು. ಹತ್ತು ಪಾಲು ಮಾಡಿದರೆ ಒಂದೊಂದು ಪಾಲೂ ದೊಡ್ಡದು. ನೂರು ಪಾಲು ಮಾಡಿದರೆ ಚೂರು ಚೂರಾಗುತ್ತದೆ."

ಎಷ್ಟು ಚೆಂದದ ವಿವರಣೆ! ಹಿಗ್ಗುತ್ತಲೇ 5.62 ಮತ್ತು 5.4 ಮುಂದಿಟ್ಟೆ.

"5.4 ದೊಡ್ಡದು ಮಿಸ್."

"ಇದು ಹೇಗೆ?"

"ಅದೇ ಮಿಸ್. ಇದು ಹತ್ತು ಪಾಲಿನದು. 62 ಅಂದರೆ ಬರೀ ಚೂರು."

ಮಾತಿನಲ್ಲಿ ಒಂದಿಷ್ಟೂ ಅಳುಕಿಲ್ಲ. ಪಾಲು ಚಿಕ್ಕದಾಗುತ್ತದೆ ಎಂಬುದನ್ನು ಆಕೆ ಗಟ್ಟಿಯಾಗಿ ಹಿಡಿದಿದ್ದಳು. ಎಷ್ಟು ಪಾಲು ಇವೆ ಎಂದು ಎಣಿಸುವುದನ್ನು ಬಿಟ್ಟಿದ್ದಳು. ದಶಮಾಂಶ ಬಿಂದುವಿನ ಬಲಕ್ಕೆ ಕಡಿಮೆ ಅಂಕಿಗಳಿದ್ದರೆ ಅದೇ ದೊಡ್ಡ ಸಂಖ್ಯೆ: ಇದು ಆಕೆಯ ನಿಯಮ. ನನ್ನ ಪತ್ರಿಕೆ ಆ ನಿಯಮಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಅಂಕ ಕೊಟ್ಟು ಬೆನ್ನು ತಟ್ಟಿತ್ತು.

ಚೌಕುಳಿ ಹಾಳೆಯಲ್ಲಿ ಹತ್ತು ಅಡ್ಡ ಹತ್ತು ನೂರು ಮನೆಗಳ ಚೌಕ ಬರೆದು, ಮೊದಲು 0.4ಕ್ಕೆ ಬಣ್ಣ ತುಂಬು ಎಂದೆ. ನಾಲ್ಕು ಸಾಲು ತುಂಬಿದಳು. ಪಕ್ಕದ ಚೌಕದಲ್ಲಿ 0.62ಕ್ಕೆ ಶುರು ಮಾಡಿದಳು. ಮನೆ ಮನೆಯಾಗಿ ಎಣಿಸುತ್ತಾ ನಲವತ್ತು ದಾಟಿದ ಕೂಡಲೇ ಬಣ್ಣದ ಪೆನ್ಸಿಲ್ ನಿಂತಿತು. ಎಡಗಡೆಯ ಚೌಕ ನೋಡಿದಳು, ಬಲಗಡೆಯದು ನೋಡಿದಳು. ನನ್ನ ಮುಖ ನೋಡಲಿಲ್ಲ. ಮತ್ತೆ ಒಂದರಿಂದ ಎಣಿಸಿದಳು. ಅಷ್ಟು ಹೊತ್ತೂ ನಾನು ಬಾಯಿ ಬಿಡದೆ ಕುಳಿತೆ. ಮೇಷ್ಟ್ರುಗಳಾದ ನಮಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಆಮೇಲೆ ಏಳು ಅಂಕದ ಹುಡುಗ ಬಂದ. ದಿನಾ ಬೆಳಿಗ್ಗೆ ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೈರಿಗೆ ಹಾಕಿ ಬಂದು ನಂತರ ಶಾಲೆಗೆ ಬರುವ ಹುಡುಗ. ಅದನ್ನು ಕೇಳಿ, ಪ್ರಶ್ನೆಪತ್ರಿಕೆ ಪಕ್ಕಕ್ಕಿಟ್ಟು ಡೈರಿಯ ಮಾತು ತೆಗೆದೆ. ಫ್ಯಾಟ್ ಎಷ್ಟು ಬರುತ್ತದೆ ಎಂದು ಕೇಳಿದರೆ, "ಇವತ್ತು 3.9, ಹಿಂಡಿ ಹಾಕಿದ ದಿನ 4.1 ಬರುತ್ತದೆ ಮಿಸ್" ಎಂದ. ಯಾವುದು ಒಳ್ಳೆಯದು? "4.1. ದುಡ್ಡು ಜಾಸ್ತಿ." 3.6 ಬಂದರೆ? "ಅಪ್ಪ ಬೈಯುತ್ತಾರೆ." ದಶಮಾಂಶವನ್ನು ಈ ಹುಡುಗ ದಿನವೂ ಚೀಟಿಯಲ್ಲಿ ಓದುತ್ತಾನೆ, ಮನೆಯ ಆದಾಯವನ್ನು ಅದರಿಂದ ಅಳೆಯುತ್ತಾನೆ. ಪರೀಕ್ಷೆಯಲ್ಲಿ ಏಕೆ ಏಳು?

3.12 ಮತ್ತು 3.9 ಬರೆದು ತೋರಿಸಿದೆ. "3.12 ದೊಡ್ಡದು. ಹನ್ನೆರಡು ಒಂಬತ್ತಕ್ಕಿಂತ ದೊಡ್ಡದಲ್ಲವೇ ಮಿಸ್?" ಎಂದ. ಸ್ವಲ್ಪ ತಡೆದು, "ಡೈರಿಯಲ್ಲಿ ಹೀಗೆ ಬರುವುದೇ ಇಲ್ಲ" ಎಂದು ಸೇರಿಸಿದ.

ನಿಜವಾದ ಮಾತು. ಅವನ ಚೀಟಿಯಲ್ಲಿ ಬಿಂದುವಿನ ಬಲಕ್ಕೆ ಯಾವಾಗಲೂ ಒಂದೇ ಅಂಕಿ. ಒಂದೇ ಅಂಕಿ ಇರುವವರೆಗೆ ಬಲಗಡೆಯದನ್ನು ಪೂರ್ಣಸಂಖ್ಯೆಯಂತೆ ಓದಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ತಪ್ಪು ನಿಯಮ ತಪ್ಪೆಂದು ಗೊತ್ತಾಗುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ. ನಾವು ದೊಡ್ಡವರು ಅದನ್ನು "ಮೂರು ಪಾಯಿಂಟ್ ಹನ್ನೆರಡು" ಎಂದು ಓದಿ ಅವನ ನಿಯಮಕ್ಕೆ ಇನ್ನಷ್ಟು ಬಲ ತುಂಬುತ್ತೇವೆ. ಪುಸ್ತಕಗಳ ವಿಭಾಗಗಳಲ್ಲಿ 3.9 ಆದ ಮೇಲೆ 3.10 ಬರುತ್ತದೆ. ಕ್ರಿಕೆಟ್ಟಿನಲ್ಲಿ 3.5 ಓವರ್ ಆದ ಮೇಲೆ ಒಂದು ಚೆಂಡಿಗೆ 4 ಓವರ್ ಆಗುತ್ತದೆ. ಗಂಟೆಯನ್ನು 9.30 ಎಂದು ಬರೆಯುತ್ತೇವೆ. ಮಗುವಿನ ಕಣ್ಣಿಗೆ ಬೀಳುವ ಚುಕ್ಕೆಗಳೆಲ್ಲ ಒಂದೇ ಅರ್ಥದವಲ್ಲ. ಇದನ್ನು ನಾವು ಯಾರೂ ಅವನಿಗೆ ಬಿಡಿಸಿ ಹೇಳಿಲ್ಲ.

"ಮೆಷಿನ್ನಿನಲ್ಲಿ 3.9 ಆದ ಮೇಲೆ ಏನು ತೋರಿಸುತ್ತದೆ?" ಎಂದೆ.

"4.0."

"3.10 ಯಾಕೆ ತೋರಿಸುವುದಿಲ್ಲ?"

ಉತ್ತರಿಸಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಬೆರಳಿನಿಂದ ಮೇಜಿನ ಮೇಲೆ ಏನೋ ಬರೆದ, ಅಳಿಸಿದ. ಗಂಟೆ ಹೊಡೆಯಿತು. ಅವನು ಹೊರಡುವಾಗಲೂ ಉತ್ತರ ಬಂದಿರಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಬಸ್ಸಿನಲ್ಲೇ ಪ್ರಶ್ನೆಗಳನ್ನು ಬಗೆ ಬಗೆಯಾಗಿ ಎಣಿಸಿದೆ. ಇಪ್ಪತ್ತೈದರಲ್ಲಿ ಹದಿನೆಂಟು ಪ್ರಶ್ನೆಗಳಲ್ಲಿ ಕಡಿಮೆ ಅಂಕಿಗಳ ಸಂಖ್ಯೆಯೇ ದೊಡ್ಡದಾಗಿತ್ತು. ನಾಲ್ಕರಲ್ಲಿ ಎರಡಕ್ಕೂ ಸಮನಾದ ಅಂಕಿಗಳು. ಉಳಿದ ಮೂರರಲ್ಲಿ ಮಾತ್ರ ಹೆಚ್ಚು ಅಂಕಿಗಳ ಸಂಖ್ಯೆ ದೊಡ್ಡದು. ಆ ಮೂರೇ 8, 15, 21.

ಹೀಗೇಕಾಯಿತು ಎಂಬುದು ಸ್ಪಷ್ಟ. ಮಕ್ಕಳು 0.37ನ್ನು 0.5ಕ್ಕಿಂತ ದೊಡ್ಡದೆಂದು ತಿಳಿಯುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆ ತಪ್ಪನ್ನು ಹಿಡಿಯುವ ಹಂಬಲದಲ್ಲಿ ಅದೇ ಬಗೆಯ ಪ್ರಶ್ನೆಗಳನ್ನು ಪೇರಿಸಿದ್ದೆ. ಹುಡುಗನ ನಿಯಮಕ್ಕೆ ನನ್ನ ಪತ್ರಿಕೆಯಲ್ಲಿ ಸಿಗುವುದು ನಾಲ್ಕು ಮತ್ತು ಮೂರು, ಒಟ್ಟು ಏಳು: ಶೇಕಡ 28. ಹುಡುಗಿಯ ನಿಯಮಕ್ಕೆ ಹದಿನೆಂಟು ಮತ್ತು ನಾಲ್ಕು, ಇಪ್ಪತ್ತೆರಡು: ಶೇಕಡ 88. ನಮ್ಮ ಶಾಲೆಗಳ ಶ್ರೇಣಿಯಲ್ಲಿ ಒಬ್ಬನಿಗೆ ಸಿ, ಇನ್ನೊಬ್ಬಳಿಗೆ ಎ. ಇಬ್ಬರಿಗೂ ದಶಮಾಂಶದ ಸ್ಥಾನಬೆಲೆ ಅರ್ಧವಷ್ಟೇ ತಿಳಿದಿತ್ತು. ಇಬ್ಬರಿಗೂ ನೆರವು ಬೇಕಿತ್ತು. ಹುಡುಗನಿಗೆ ಪರಿಹಾರ ಬೋಧನೆಯಾದರೂ ಸಿಗುತ್ತಿತ್ತು. ಹುಡುಗಿಗೆ ಅದೂ ಇಲ್ಲ. ಎ ಪಡೆದ ಮಗುವಿನ ತಪ್ಪನ್ನು ಯಾರು ಹುಡುಕುತ್ತಾರೆ?

ತಾರತಮ್ಯ ಶಕ್ತಿಯ ಲೆಕ್ಕ ಎಲ್ಲಿ ನನ್ನನ್ನು ದಾರಿ ತಪ್ಪಿಸಿತು ಎಂಬುದೂ ಆಗ ಹೊಳೆಯಿತು. ಒಂದೊಂದು ಪ್ರಶ್ನೆಯನ್ನೂ ಒಟ್ಟು ಅಂಕದ ಎದುರಿಗೆ ಇಟ್ಟು ತೂಗುತ್ತೇವೆ. ಆ ಒಟ್ಟು ಅಂಕವೇ ಒಂದು ಕಡೆಗೆ ವಾಲಿದ್ದರೆ, ನೆಟ್ಟಗಿರುವ ಪ್ರಶ್ನೆ ಡೊಂಕಾಗಿ ಕಾಣುತ್ತದೆ. ತಕ್ಕಡಿಯ ತಟ್ಟೆಗೆ ಕಲ್ಲು ಅಂಟಿಕೊಂಡಿರುವಾಗ ತೂಕದ ಬಟ್ಟಿನ ಮೇಲೆ ಸಂಶಯಪಟ್ಟ ಹಾಗೆ. 0.91ರ ವಿಶ್ವಾಸಾರ್ಹತೆಯೂ ಸುಳ್ಳಲ್ಲ. ಮಕ್ಕಳು ತಮ್ಮ ತಪ್ಪು ನಿಯಮವನ್ನು ಪ್ರಶ್ನೆಯಿಂದ ಪ್ರಶ್ನೆಗೆ ಬದಲಿಸದೆ ನಿಷ್ಠೆಯಿಂದ ಅನುಸರಿಸಿದ್ದರು, ಅದಕ್ಕೇ ಅಂಕಗಳು ಅಷ್ಟು ಸ್ಥಿರವಾಗಿದ್ದವು. ವಿಶ್ವಾಸಾರ್ಹತೆ ಇದ್ದೂ ಸಪ್ರಮಾಣತೆ, ಅಂದರೆ ಅಳೆಯಬೇಕಾದದ್ದನ್ನೇ ಅಳೆಯುವ ಗುಣ, ಇಲ್ಲದಿರಬಹುದು ಎಂದು ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ. ಅದಕ್ಕೆ ಸದಾ ಕೊಡುತ್ತಿದ್ದ ಉದಾಹರಣೆ ಯಾವಾಗ ನೋಡಿದರೂ ಸರಿಯಾಗಿ ಐದು ನಿಮಿಷ ಹಿಂದೆ ಇರುವ ಗಡಿಯಾರ. ಈಗ ನನ್ನದೇ ಉದಾಹರಣೆ ಕೊಡುತ್ತೇನೆ.

ಮನೆಗೆ ಬಂದು ಓದಲು ಕುಳಿತಾಗ, ಈ ಎರಡೂ ನಿಯಮಗಳು ಜಗತ್ತಿನ ಎಷ್ಟೋ ಕಡೆಯ ಮಕ್ಕಳಲ್ಲಿ ಕಂಡಿವೆ ಎಂದು ತಿಳಿಯಿತು. ಸಂಶೋಧಕಿ ಲಾರೆನ್ ರೆಸ್ನಿಕ್ ಮತ್ತು ಅವರ ಜೊತೆಗಾರರು ಅಮೆರಿಕ, ಇಸ್ರೇಲ್ ಮತ್ತು ಫ್ರಾನ್ಸಿನ ಮಕ್ಕಳನ್ನು ಅಧ್ಯಯನ ಮಾಡಿ 1989ರಲ್ಲೇ ಬರೆದಿದ್ದಾರೆ. ಪೂರ್ಣಸಂಖ್ಯೆಯ ರೂಢಿಯಿಂದ ಹುಟ್ಟುವ ತಪ್ಪು ಒಂದು, ಭಿನ್ನರಾಶಿಯ ಅರೆ ತಿಳಿವಳಿಕೆಯಿಂದ ಹುಟ್ಟುವ ತಪ್ಪು ಇನ್ನೊಂದು. ಮೆಲ್ಬರ್ನಿನಲ್ಲಿ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲೆ 1990ರ ದಶಕದಲ್ಲಿ ದಶಮಾಂಶ ಹೋಲಿಕೆಯ ಪರೀಕ್ಷೆಯೊಂದನ್ನು ಬೆಳೆಸಿದರು. ಎಷ್ಟು ಸರಿ ಎಂಬ ಎಣಿಕೆಗಿಂತ ಯಾವ ಬಗೆಯವು ಸರಿ, ಯಾವ ಬಗೆಯವು ತಪ್ಪು ಎಂಬ ವಿನ್ಯಾಸವನ್ನು ಓದುವ ಪರೀಕ್ಷೆ ಅದು. ಇದನ್ನು ಮೊದಲೇ ಓದಿ ಕೆಲಸಕ್ಕೆ ಕೈಹಾಕಬೇಕಿತ್ತು. ಆದರೆ ಆ ಹುಡುಗಿಯ ಪೆನ್ಸಿಲ್ ನಿಂತದ್ದನ್ನು ಕಂಡ ಮೇಲೆ ಓದಿದ್ದರಿಂದ ಒಂದೊಂದು ಸಾಲೂ ನನಗೆ ಜೀವಂತವಾಗಿ ಕಂಡಿತು.

ಹೊಸ ಪತ್ರಿಕೆ ಮೂವತ್ತು ಪ್ರಶ್ನೆಗಳದು. ಆರು ಬಗೆ, ಬಗೆಗೆ ಐದರಂತೆ: ಕಡಿಮೆ ಅಂಕಿಯದು ದೊಡ್ಡದು, ಹೆಚ್ಚು ಅಂಕಿಯದು ದೊಡ್ಡದು, ಎರಡೂ ಸಮಾನ ಅಂಕಿ, ಕೊನೆಗೆ ಸೊನ್ನೆ ಬಂದು ಎರಡೂ ಸಮವಾಗುವ 0.8 ಮತ್ತು 0.80ರಂಥವು, ಬಿಂದುವಿನ ಪಕ್ಕದಲ್ಲೇ ಸೊನ್ನೆ ಇರುವ 4.08 ಮತ್ತು 4.7ರಂಥವು. ಆರನೆಯ ಬಗೆಯನ್ನು ಸೇರಿಸಲು ಕಾರಣರಾದವರು ಒಬ್ಬ ಶಿಕ್ಷಕರು. ಸುತ್ತಮುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ನನ್ನ ಕಥೆ ಕೇಳಿ, "ನಾನು ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡಿ ಎಂದು ಹೇಳಿಕೊಡುತ್ತೇನೆ ಮೇಡಂ, 0.5ನ್ನು 0.50 ಮಾಡಿದರೆ ಮಕ್ಕಳು ಎಡವುವುದಿಲ್ಲ. ಆದರೆ ಅವರಿಗೆ ಅರ್ಥವಾಗಿದೆಯೋ ಇಲ್ಲವೋ ನನಗೂ ಗೊತ್ತಿಲ್ಲ" ಎಂದರು. ಎಲ್ಲರ ಎದುರು ಇಷ್ಟು ಪ್ರಾಮಾಣಿಕವಾಗಿ ಹೇಳುವವರು ಅಪರೂಪ. ಸೊನ್ನೆ ಸೇರಿಸುವ ಉಪಾಯದಿಂದ ಹೋಲಿಕೆಯ ಪ್ರಶ್ನೆಗಳೆಲ್ಲ ಸರಿಯಾಗಿ, ಒಳಗಿನ ಶೂನ್ಯ ಮುಚ್ಚಿಹೋಗುತ್ತದೆ. ಹಾಗಾಗಿ ಎರಡು ಸಂಖ್ಯೆಗಳ ನಡುವೆ ಬರುವ ಸಂಖ್ಯೆಯೊಂದನ್ನು ಬರೆ, ಸಂಖ್ಯಾರೇಖೆಯ ಮೇಲೆ ಗುರುತಿಸು ಎಂಬ ಐದು ಪ್ರಶ್ನೆಗಳು ಬಂದವು.

ಅದೇ ಸಭೆಯಲ್ಲಿ ಇನ್ನೊಬ್ಬ ಶಿಕ್ಷಕಿ ಕೇಳಿದ್ದು ತೂಕದ ಮಾತು: ಕಲಿಕೆಯ ನಡುನಡುವಿನ ರೂಪಣಾತ್ಮಕ ಪರೀಕ್ಷೆ ನಾಲ್ಕು, ಅವಧಿಯ ಕೊನೆಯ ಸಂಕಲನಾತ್ಮಕ ಪರೀಕ್ಷೆ ಎರಡು, ಎಲ್ಲಕ್ಕೂ ಕೊನೆಗೆ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಒಂದು ಅಂಕ ಹಾಕಬೇಕು; ಬಗೆ ಬಗೆಯ ತಪ್ಪನ್ನು ಎಲ್ಲಿ ಬರೆಯುವುದು? ಅಂಕ ಹಾಕಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ತರಗತಿಯ ಹಾಜರಿ ಪಟ್ಟಿಯ ಒಂದು ಜೆರಾಕ್ಸ್ ಪ್ರತಿ ತೆಗೆದು, ಹುಡುಗನ ನಿಯಮದ ಮಕ್ಕಳಿಗೆ ಕೆಂಪು ಚುಕ್ಕೆ, ಹುಡುಗಿಯ ನಿಯಮದವರಿಗೆ ನೀಲಿ ಚುಕ್ಕೆ ಇಡಿ ಎಂದೆ. ಕೆಂಪು ಚುಕ್ಕೆಯವರಿಗೆ ಬಿಂದುವಿನ ಬಲಗಡೆಯ ಸ್ಥಾನಬೆಲೆ, ನೀಲಿ ಚುಕ್ಕೆಯವರಿಗೆ ಪಾಲುಗಳ ಎಣಿಕೆ ಮತ್ತು ಚೌಕುಳಿ ಹಾಳೆ. ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಮಾಡಿದರೆ ಒಬ್ಬರಿಗೆ ಅದು ಮುಟ್ಟುವುದೇ ಇಲ್ಲ.

ಎರಡನೇ ಸುತ್ತಿಗೆ ಅದೇ ಶಾಲೆಗೆ ಹೋದಾಗ ಹುಡುಗಿ ದೂರದಿಂದಲೇ ಚೌಕುಳಿ ಪುಸ್ತಕ ತೋರಿಸಿದಳು. ಬಣ್ಣ ತುಂಬಿದ ಚೌಕಗಳು ಪುಟಗಟ್ಟಲೆ. ಒಂದರ ಕೆಳಗೆ 0.07, ಇನ್ನೊಂದರ ಕೆಳಗೆ 0.7. ಮುತ್ತಿನ ಅಕ್ಷರಗಳಲ್ಲಿ "ಏಳು ಮನೆ", "ಏಳು ಸಾಲು" ಎಂದು ಬರೆದಿದ್ದಳು.

ಹುಡುಗ ಕೊನೆಯವರೆಗೂ ಕುಳಿತು ಬರೆದ. 3.9 ಮತ್ತು 4.0ರ ನಡುವೆ ಬರುವ ಒಂದು ಸಂಖ್ಯೆ ಬರೆ ಎಂಬ ಪ್ರಶ್ನೆಗೆ ಮೊದಲು 3.10 ಎಂದು ಬರೆದು, ಹೊಡೆದು, ಪಕ್ಕದಲ್ಲಿ 3.95 ಎಂದು ಬರೆದಿದ್ದ. ಉತ್ತರಪತ್ರಿಕೆ ಕೊಟ್ಟು ಹೋದವನು ಬಾಗಿಲ ಬಳಿಯಿಂದ ತಿರುಗಿ ಬಂದ.

"ಮಿಸ್, ಹಾಲಿನಲ್ಲಿ ನಿಜವಾಗಿ 3.95 ಇದ್ದರೆ ಡೈರಿ ಮೆಷಿನ್ ಏನು ತೋರಿಸುತ್ತದೆ? 3.9 ತೋರಿಸಿದರೆ ನಮಗೆ ದುಡ್ಡು ಕಡಿಮೆ ಬರುತ್ತದಲ್ಲವೇ?"

ಡೈರಿಯ ಕಾರ್ಯದರ್ಶಿಯವರನ್ನೇ ಕೇಳೋಣ, ನಾನೂ ಬರುತ್ತೇನೆ ಎಂದೆ.

"ಹಾಗಾದರೆ ಬೆಳಿಗ್ಗೆ ಆರು ಗಂಟೆಗೆ ಬರಬೇಕು ಮಿಸ್" ಎಂದ. "ಏಳಕ್ಕೆಲ್ಲ ಹಾಲಿನ ಲಾರಿ ಹೋಗಿಬಿಡುತ್ತದೆ."